ರಥಕಾರನ ಹೊಣೆ

ಮನೆಗೆ ಹೊಸ ಮೋಟಾರು ಕಾರು ಬಂದ ದಿನವು ನಮ್ಮ ಕಡೆಯ ಸಂಸಾರಗಳಲ್ಲಿ ಒಂದು ಹಬ್ಬವೇ ಸರಿ. ಗೃಹಿಣಿಯು ಬಾಗಿಲ ಮುಂದೆ ರಂಗವಲ್ಲಿಯನ್ನಿಕ್ಕುವಳು. ನಾಲ್ಕು ಚಕ್ರಗಳ ಕೆಳಗೂ ನಿಂಬೆಯ ಹಣ್ಣುಗಳನ್ನಿರಿಸುವರು. ಗಾಡಿಯ ಹಣೆಗೆ ಅರಿಸಿನ ಕುಂಕುಮಗಳನ್ನು ಹಚ್ಚಿ, ಹೂವಿನ ಹಾರವನ್ನು ತೊಡಿಸಿ, ಆರತಿಯನ್ನೆತ್ತಿ, ಈಡುಗಾಯಿ ಒಡೆದ ಮೇಲೆಯೇ ಅದು ಮೊದಲ ಬಾರಿಗೆ ಬೀದಿಗಿಳಿಯುವುದು. ಈ ಆಚಾರವನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಇದರಲ್ಲಿ ಏರಿ ಹೋದವರು ಕ್ಷೇಮವಾಗಿ ಮನೆಗೆ ಮರಳಲಿ ಎಂಬ ಒಂದೇ ಪ್ರಾರ್ಥನೆಯು ಇಷ್ಟು ಬಗೆಯ ಉಪಚಾರಗಳ ರೂಪವನ್ನು ತಾಳಿರುತ್ತದೆ. ನಮ್ಮ ಅರಿಕೆಯೆಂದರೆ ಇಷ್ಟೆ: ದೇವರಲ್ಲಿ ಬೇಡಿಕೊಳ್ಳುವ ಈ ಮಾತನ್ನು, ಆ ಗಾಡಿಯನ್ನು ಮಾಡಿ ಮಾರಿದವರನ್ನೂ ಒಮ್ಮೆ ಕೇಳಬಾರದೆ?

ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಸಂಸ್ಕೃತ ಕನ್ನಡಗಳನ್ನು ಕಲಿಸಿ ನಿವೃತ್ತರಾದವರು. ಯಂತ್ರವಿದ್ಯೆಯಲ್ಲಿ ನಮಗೆ ಪರಿಶ್ರಮವಿಲ್ಲ. ಹಾಗಿದ್ದೂ ಈ ವಿಷಯವನ್ನು ಕುರಿತು ಲೇಖನಿಯನ್ನು ಹಿಡಿದಿರುವುದಕ್ಕೆ ಒಂದು ಕಾರಣವುಂಟು. ಅದು ನಮಗೆ ಹೆಮ್ಮೆಯನ್ನು ತರತಕ್ಕ ಕಾರಣವಲ್ಲ.

2013ನೆಯ ಇಸವಿಯಲ್ಲಿ ನಮ್ಮ ತಂಗಿಯ ಮಗನು ಹೊಸದಾಗಿ ಉದ್ಯೋಗಕ್ಕೆ ಸೇರಿ ಒಂದು ಸಣ್ಣ ಕಾರನ್ನು ಕೊಳ್ಳಲು ಹೊರಟನು. ಒಂದೇ ಹೆಸರಿನ ಆ ಕಾರಿನಲ್ಲಿ ಕೆಳಗಿನ ತರಗತಿ, ಮೇಲಿನ ತರಗತಿ ಎಂದು ಎರಡು ಬಗೆಗಳಿದ್ದುವು. ಮೇಲಿನದರಲ್ಲಿ ಏರ್‌ಬ್ಯಾಗ್ ಎಂದು ಕರೆಯುವ ಎರಡು ಗಾಳಿಚೀಲಗಳೂ, ಥಟ್ಟನೆ ಬ್ರೇಕು ಹಾಕಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ಮಾಡುವ ಉಪಕರಣವೂ ಇದ್ದುವು. ಅವುಗಳ ಜೊತೆಗೆ ಹಾಡು ಕೇಳುವ ಯಂತ್ರ, ಹೊಳೆಯುವ ಚಕ್ರಗಳು ಮುಂತಾದ ಬೆಡಗಿನ ವಸ್ತುಗಳೂ ಸೇರಿಕೊಂಡು, ಬೆಲೆಯು ಅರುವತ್ತು ಸಾವಿರ ರೂಪಾಯಿಗಳಷ್ಟು ಹೆಚ್ಚಾಗಿದ್ದಿತು. ಹುಡುಗನು ನಮ್ಮ ಅಭಿಪ್ರಾಯವನ್ನು ಕೇಳಿದನು. ತಂದೆಯಿಲ್ಲದ ಹುಡುಗನಾದುದರಿಂದ ಅವನು ಎಲ್ಲಕ್ಕೂ ನಮ್ಮನ್ನೇ ಕೇಳುವುದು ವಾಡಿಕೆ. “ಜೀವಮಾನದಲ್ಲಿ ಒಮ್ಮೆಯಾದರೂ ಉಬ್ಬುವುದೋ ಇಲ್ಲವೋ ತಿಳಿಯದ ಚೀಲಕ್ಕೆ ಅಷ್ಟು ಹಣವೇಕಪ್ಪ? ನಿಧಾನವಾಗಿ ಓಡಿಸು, ಅದಕ್ಕಿಂತ ದೊಡ್ಡ ರಕ್ಷೆಯಿಲ್ಲ” ಎಂದು ನಾವು ಹೇಳಿದೆವು. ನಮ್ಮ ಮಾತು ನಮಗೇ ಸುಭಾಷಿತದಂತೆ ತೋರಿದ್ದಿತು. ಅವನು ಕೆಳಗಿನ ತರಗತಿಯ ಕಾರನ್ನು ಕೊಂಡನು.

ಮೂರು ವರ್ಷಗಳ ತರುವಾಯ, ಒಂದು ಸಂಜೆ, ತಿಪಟೂರಿನಿಂದ ಅರಸೀಕೆರೆಯ ಕಡೆಗೆ ಬರುತ್ತಿದ್ದಾಗ, ದೀಪವಿಲ್ಲದ ಒಂದು ಟ್ರ್ಯಾಕ್ಟರು ತಿರುವಿನಲ್ಲಿ ಅವನ ಎದುರಿಗೇ ಬಂದಿತು. ಸೀಟ್ ಬೆಲ್ಟನ್ನು ಕಟ್ಟಿಕೊಂಡಿದ್ದನಾಗಿ ಪ್ರಾಣ ಉಳಿಯಿತು. ಆದರೆ ಮುಖವು ಸ್ಟಿಯರಿಂಗ್ ಚಕ್ರಕ್ಕೆ ಬಡಿದು ಬಲಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ನಾವು ಅವನ ಮಂಚದ ಪಕ್ಕದಲ್ಲಿ ಕುಳಿತಿದ್ದಾಗ, ನಾವು ಬೈಯುವೆವೆಂದು ಹೆದರಿದ ಮಗುವಿನಂತೆ, “ಮಾವ, ನಾನು ನಿಧಾನವಾಗಿಯೇ ಓಡಿಸುತ್ತಿದ್ದೆ” ಎಂದನು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆಯು ನಮ್ಮನ್ನು ಬಿಡದೆ ಕಾಡುತ್ತಿದೆ. ದೀಪವಿಲ್ಲದೆ ಬಂದ ಟ್ರ್ಯಾಕ್ಟರಿನವನದು ತಪ್ಪು, ಅದರಲ್ಲಿ ಸಂದೇಹವಿಲ್ಲ. ತಿಳಿಯದ ವಿಷಯದಲ್ಲಿ ತಿಳಿದವರಂತೆ ಬುದ್ಧಿ ಹೇಳಿದ ನಮ್ಮದೂ ತಪ್ಪು. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ, ಇಂತಹ ಡಿಕ್ಕಿಯಲ್ಲಿ ಚಾಲಕನ ಮುಖ ಎಲ್ಲಿಗೆ ಬಡಿಯುವುದೆಂಬುದನ್ನು ಪರೀಕ್ಷೆಮಾಡಿ ತಿಳಿದಿದ್ದು, ಅದನ್ನು ತಡೆಯುವ ಸಾಧನವನ್ನೂ ಕೈಯಲ್ಲಿಟ್ಟುಕೊಂಡು, ಅದನ್ನು ಹಾಡಿನ ಪೆಟ್ಟಿಗೆಯೊಂದಿಗೆ ಗಂಟುಹಾಕಿ, ‘ಬೇಕಾದರೆ ಕೊಳ್ಳಿರಿ’ ಎಂದು ಮಾರಿದವರ ಹೊಣೆ ಏನು?

ಇಂತಹ ಸಂದರ್ಭಗಳಲ್ಲಿ ಹಳೆಯ ಗ್ರಂಥಗಳನ್ನು ತೆರೆದು ನೋಡುವುದು ನಮಗೆ ರೂಢಿ. ಮನುಸ್ಮೃತಿಯ ಎಷ್ಟೋ ಮಾತುಗಳು ಇಂದಿನವರಿಗೆ ಸಮ್ಮತವಲ್ಲ, ನಮಗೂ ಸಮ್ಮತವಲ್ಲ. ಆದರೆ ಅದರ ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದಾಗುವ ಅಪಘಾತಗಳ ವಿಚಾರವು ಸಾಕಷ್ಟು ಸೂಕ್ಷ್ಮವಾಗಿ ಬಂದಿದೆ. ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಚಕ್ರ ಒಡೆದರೆ, ಹಗ್ಗ ಕಿತ್ತರೆ, ದಾರಿಯಲ್ಲಿದ್ದವನಿಗೆ ಸರಿಯೆಂದು ಸಾರಥಿಯು ಕೂಗಿ ಹೇಳಿದ್ದರೆ, ಆಗ ಯಾರಿಗೂ ದಂಡವಿಲ್ಲ. ಸಾರಥಿಯ ಅಕೌಶಲದಿಂದ ಗಾಡಿಯು ದಾರಿತಪ್ಪಿ ಹಿಂಸೆಯುಂಟಾದರೆ ಗಾಡಿಯ ಯಜಮಾನನಿಗೆ ಇನ್ನೂರು ಪಣ ದಂಡ. ಸಾರಥಿಯು ನಿಪುಣನಾಗಿದ್ದೂ ತಪ್ಪಿದರೆ ಅವನಿಗೇ ದಂಡ. ನಿಪುಣನಲ್ಲದವನ ಗಾಡಿಯನ್ನೇರಿ ಕುಳಿತವರಿಗೂ ತಲೆಗೆ ನೂರು ಪಣದಂತೆ ದಂಡವುಂಟು. ಸಾರಥಿ, ಯಜಮಾನ, ಪ್ರಯಾಣಿಕ ಎಂಬ ಮೂವರೂ ಬಂದರು. ಬಾರದೆ ಉಳಿದವನು ಒಬ್ಬನೇ, ಗಾಡಿಯನ್ನು ಮಾಡಿದ ರಥಕಾರ. ಅಚ್ಚು ಮುರಿದರೆ ದಂಡವಿಲ್ಲವೆಂದು ಹೇಳಿದ ಸ್ಮೃತಿಯು, ಆ ಅಚ್ಚನ್ನು ಯಾರು ಯಾವ ಮರದಿಂದ ಮಾಡಿದರೆಂದು ಕೇಳಲಿಲ್ಲ.

ಇದು ಸ್ಮೃತಿಕಾರರ ಮರೆವೆಂದು ನಾವು ಭಾವಿಸುವುದಿಲ್ಲ. ಆ ಕಾಲದ ರಥಕಾರನು ಊರಿನಲ್ಲಿಯೇ ಇದ್ದವನು. ಗಾಡಿಯನ್ನು ಯಾರಿಗೆ ಮಾಡುವೆನೆಂಬುದನ್ನು ಬಲ್ಲವನು. ತಿಂಗಳೊಳಗೆ ಅಚ್ಚು ಮುರಿದರೆ, ಮಾರನೆಯ ದಿನ ಕೆರೆಯ ಏರಿಯ ಮೇಲೆ ಆ ಮನೆಯವರಿಗೆ ಮುಖ ತೋರಿಸಬೇಕಾದವನು. ಆ ಲಜ್ಜೆಯೇ ಅವನಿಗೆ ಶಾಸನವಾಗಿದ್ದಿತು. ಇಂದಿನ ರಥಕಾರನಾದರೋ ಲಕ್ಷಾಂತರ ಗಾಡಿಗಳನ್ನು ಮಾಡುವನು. ಕೊಳ್ಳುವವರ ಮುಖವನ್ನು ಅವನು ಕಾಣನು, ಅವನ ಮುಖವನ್ನು ಅವರು ಕಾಣರು. ಆದರೆ ಹಳೆಯವನಿಗೆ ಇಲ್ಲದಿದ್ದ ಒಂದು ಜ್ಞಾನವು ಇವನಿಗಿದೆ. ಲಕ್ಷ ಗಾಡಿಗಳಲ್ಲಿ ಕೆಲವು ಡಿಕ್ಕಿ ಹೊಡೆದೇ ತೀರುವುವೆಂಬುದನ್ನು ಇವನು ಮುಂಚಿತವಾಗಿಯೇ ಬಲ್ಲನು. ಯಾರು, ಎಲ್ಲಿ ಎಂಬುದು ಮಾತ್ರ ತಿಳಿಯದು. ಮನುಷ್ಯನಾದವನು ತಪ್ಪುವನೆಂದು ತಿಳಿದಮೇಲೆ, ಆ ತಪ್ಪಿಗೆ ಮರಣವೇ ಶಿಕ್ಷೆಯಾಗದಂತೆ ಗಾಡಿಯನ್ನು ಕಟ್ಟುವುದು ಬಲ್ಲವನ ಕರ್ತವ್ಯವಾಗುತ್ತದೆ.

ಆ ಜ್ಞಾನವು ಎಂತಹದೆಂಬುದನ್ನು ನಮಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇವೆ.

ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಗೋಡೆಗೆ ಬಡಿಯುವುದೆಂದರೆ, ಸುಮಾರು 10 ಮೀಟರು ಎತ್ತರದಿಂದ, ಎಂದರೆ ಮೂರಂತಸ್ತಿನ ಮನೆಯ ಮೇಲಿನಿಂದ, ನೆಲಕ್ಕೆ ಬಿದ್ದಂತೆ. ನಮ್ಮ ಊರುಗಳೊಳಗೆ ‘ನಿಧಾನ’ವೆಂದು ನಾವು ಕರೆಯುವ ವೇಗವೇ ಇದು. ವೇಗವು ಎರಡರಷ್ಟಾದರೆ ಪೆಟ್ಟಿನ ಶಕ್ತಿಯು ನಾಲ್ಕರಷ್ಟಾಗುವುದು. ಡಿಕ್ಕಿಯೊಂದೇ ಆದರೂ ಪೆಟ್ಟುಗಳು ಮೂರು. ಮೊದಲು ಕಾರು ಗೋಡೆಗೆ ಬಡಿದು ನಿಲ್ಲುವುದು. ಒಳಗಿನವನ ದೇಹವು ನಿಲ್ಲದೆ ಅದೇ ವೇಗದಲ್ಲಿ ಮುಂದುವರಿದು ಸ್ಟಿಯರಿಂಗಿಗೋ ಗಾಜಿಗೋ ಬಡಿಯುವುದು ಎರಡನೆಯದು. ದೇಹವು ನಿಂತರೂ ಅದರೊಳಗಿನ ಮೆದುಳು, ಹೃದಯ, ಯಕೃತ್ತುಗಳು ನಿಲ್ಲದೆ ಎಲುಬಿನ ಗೂಡಿಗೆ ಬಡಿಯುವುದು ಮೂರನೆಯದು. ಈ ಮೂರು ಪೆಟ್ಟುಗಳನ್ನು ಒಂದೇ ಕ್ಷಣಕ್ಕೆ ಬೀಳಗೊಡದೆ, ಸ್ವಲ್ಪ ಹೆಚ್ಚು ಕಾಲಕ್ಕೂ ಸ್ವಲ್ಪ ಹೆಚ್ಚು ದೂರಕ್ಕೂ ಹರಡುವುದೇ ರಕ್ಷಣಾವಿದ್ಯೆಯ ಸಾರ. ಬಾವಿಯ ಕಟ್ಟೆಯ ಮೇಲಿನಿಂದ ಕಲ್ಲಿನ ಮೇಲೆ ಹಾರುವುದಕ್ಕೂ ಹುಲ್ಲಿನ ಬಣವೆಯ ಮೇಲೆ ಹಾರುವುದಕ್ಕೂ ಇರುವ ಭೇದವನ್ನು ಹಳ್ಳಿಯ ಹುಡುಗರೆಲ್ಲರೂ ಬಲ್ಲರು.

ಕಾರಿನ ಮುಂಭಾಗವನ್ನೇ ಹುಲ್ಲಿನ ಬಣವೆಯನ್ನಾಗಿ ಮಾಡಬಹುದೆಂದು ಯೋಚಿಸಿದವರು ಆಸ್ಟ್ರಿಯಾದಲ್ಲಿ ಹುಟ್ಟಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದ ಬೇಲಾ ಬರೇನಿ ಎಂಬ ಯಂತ್ರಶಿಲ್ಪಿಗಳು. ಜನರು ಕುಳಿತಿರುವ ನಡುವಣ ಗೂಡು ವಜ್ರದಂತೆ ಗಟ್ಟಿಯಾಗಿರಬೇಕು, ಅದರ ಮುಂದಣ ಹಿಂದಣ ಭಾಗಗಳು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕು ಎಂಬುದು ಅವರ ತತ್ತ್ವ. 1951ರಲ್ಲಿ ಅವರು ಇದಕ್ಕೆ ಹಕ್ಕುಪತ್ರವನ್ನು ಬೇಡಿದರು. 1959ರಲ್ಲಿ ಈ ಕ್ರಮದ ಕಾರು ಮಾರಾಟಕ್ಕೆ ಬಂದಿತು. ನಮ್ಮ ಹಿರಿಯರು ಇಂದಿಗೂ, “ಆ ಕಾಲದ ಕಾರು ಉಕ್ಕಿನದು, ಈಗಿನದು ಬರಿಯ ತಗಡು, ತಾಗಿದರೆ ಮುದುಡುತ್ತದೆ” ಎಂದು ನಿಟ್ಟುಸಿರುಬಿಡುವುದುಂಟು. ಅವರ ಈ ಸಂದೇಹಕ್ಕೆ 2009ರಲ್ಲಿ ಅಮೆರಿಕದ ಒಂದು ವಿಮಾಸಂಸ್ಥೆಯು ಪ್ರತ್ಯಕ್ಷ ಪ್ರಮಾಣವನ್ನೇ ಒದಗಿಸಿತು. 1959ರ ಷೆವ್ರೊಲೆ ಬೆಲ್ ಏರ್ ಎಂಬ ಭಾರಿಯಾದ ಕಾರನ್ನೂ, ಅದೇ ಮನೆತನದ 2009ರ ಮಾಲಿಬು ಎಂಬ ಕಾರನ್ನೂ ಎದುರುಬದುರಾಗಿ, ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿದರು. ಹಳೆಯ ಕಾರಿನ ಗೂಡು ಕುಸಿದು ಸ್ಟಿಯರಿಂಗ್ ಚಕ್ರವು ಚಾಲಕನ ಸ್ಥಾನಕ್ಕೇ ನುಗ್ಗಿತು. ಅದರಲ್ಲಿ ನಿಜವಾದ ಮನುಷ್ಯನಿದ್ದಿದ್ದರೆ ಉಳಿಯುತ್ತಿರಲಿಲ್ಲ. ಹೊಸದರಲ್ಲಿದ್ದವನಿಗೆ ಕಾಲಿಗೆ ಸ್ವಲ್ಪ ಪೆಟ್ಟಾಗುತ್ತಿದ್ದಿತು, ಅಷ್ಟೆ. ಕಾರು ಮುದುಡುವುದು ದೋಷವಲ್ಲ. ಎಲ್ಲಿ ಮುದುಡಬೇಕೋ ಅಲ್ಲಿ ಮುದುಡಿ, ಎಲ್ಲಿ ಮುದುಡಬಾರದೋ ಅಲ್ಲಿ ನಿಲ್ಲುವುದೇ ಗುಣ.

ಎರಡನೆಯ ಪೆಟ್ಟನ್ನು ತಡೆಯುವುದು ಸೀಟ್ ಬೆಲ್ಟು. ಇದರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು; ರಥಕಾರನ ಧರ್ಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ದೊರೆತಿಲ್ಲ. ಮೊದಮೊದಲು ಕಾರುಗಳಲ್ಲಿದ್ದುದು ಸೊಂಟಕ್ಕೆ ಅಡ್ಡಲಾಗಿ ಕಟ್ಟುವ ಪಟ್ಟಿ. ಅದರ ಕೊಂಡಿಯು ಹೊಟ್ಟೆಯ ಮೇಲೆ ಬರುತ್ತಿದ್ದಿತು. ಡಿಕ್ಕಿಯಲ್ಲಿ ಮೇಲ್ಮೈಯು ಮುಂದಕ್ಕೆ ಬಾಗಿ, ಪಟ್ಟಿಯೇ ಒಳಗಿನ ಅಂಗಗಳನ್ನು ಹಿಂಡುತ್ತಿದ್ದಿತು. ಸ್ವೀಡನ್ ದೇಶದ ನಿಲ್ಸ್ ಬೋಲಿನ್ ಎಂಬವರು ಸಾಬ್ ಕಂಪೆನಿಯಲ್ಲಿ, ಯುದ್ಧವಿಮಾನವು ಕೆಡುವಾಗ ಚಾಲಕನನ್ನು ಹೊರಕ್ಕೆ ಚಿಮ್ಮುವ ಆಸನಗಳನ್ನು ರಚಿಸುತ್ತಿದ್ದವರು. 1958ರಲ್ಲಿ ವೋಲ್ವೋ ಕಂಪೆನಿಯನ್ನು ಸೇರಿದರು. ಒಂದು ಪಟ್ಟಿಯು ಎದೆಯ ಮೇಲೆ ಓರೆಯಾಗಿ, ಮತ್ತೊಂದು ಸೊಂಟದ ಮೂಳೆಯ ಮೇಲೆ ಅಡ್ಡಲಾಗಿ ಬಂದು, ಎರಡೂ ಸೊಂಟದ ಪಕ್ಕದಲ್ಲಿ ಒಂದೇ ಕೊಂಡಿಯಲ್ಲಿ ಕೂಡುವಂತೆ ಅವರು ರಚಿಸಿದರು. ಒಂದೇ ಕೈಯಿಂದ ಕಟ್ಟಬಹುದಾಗಿರಬೇಕು, ಇಲ್ಲದಿದ್ದರೆ ಜನರು ಕಟ್ಟಿಕೊಳ್ಳರೆಂಬುದು ಅವರ ಲೌಕಿಕ ಪ್ರಜ್ಞೆ. 1959ರಲ್ಲಿ ಈ ಬೆಲ್ಟು ಸ್ವೀಡನ್ನಿನ ಕಾರುಗಳಲ್ಲಿ ಬಂದಿತು.

ಆ ಮೇಲೆ ಕಂಪೆನಿಯು ಮಾಡಿದ ಕೆಲಸವು ಇನ್ನೂ ದೊಡ್ಡದು. ಹಕ್ಕುಪತ್ರವು ತನ್ನದಾಗಿದ್ದರೂ, ಈ ರಚನೆಯನ್ನು ಯಾವ ಕಂಪೆನಿಯಾದರೂ ಉಪಯೋಗಿಸಬಹುದೆಂದು ಅದನ್ನು ಎಲ್ಲರಿಗೂ ತೆರೆದಿಟ್ಟಿತು. ವಿದ್ಯೆಯನ್ನು ಮುಚ್ಚಿಡದೆ ದಾನಮಾಡಿದ ಗುರುವಿನ ಕೆಲಸವಿದು. 1967ರಲ್ಲಿ ಬೋಲಿನ್ನರು ಸ್ವೀಡನ್ನಿನ 28,000 ಅಪಘಾತಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯಲ್ಲಿ, ಬೆಲ್ಟು ಕಟ್ಟದವರು ಎಲ್ಲ ವೇಗಗಳಲ್ಲಿಯೂ ಸತ್ತಿದ್ದರು. ಕಟ್ಟಿದವರಲ್ಲಿ ಗಂಟೆಗೆ 60 ಮೈಲಿಗಿಂತ ಕಡಮೆಯ ವೇಗದಲ್ಲಿ ಒಬ್ಬರೂ ಸತ್ತಿರಲಿಲ್ಲ. ಇಂದು ನಮ್ಮ ದೇಶದ ಅತಿ ಅಗ್ಗದ ಕಾರಿನಲ್ಲಿಯೂ ಇರುವ ಬೆಲ್ಟು ಅವರು ಹಾಕಿಕೊಟ್ಟ ಮೇಲ್ಪಂಕ್ತಿಯೇ. ನಮ್ಮ ಹುಡುಗನ ಪ್ರಾಣವನ್ನು ಉಳಿಸಿದುದೂ ಅದೇ.

ಬೆಲ್ಟು ದೇಹವನ್ನು ಹಿಡಿಯುವುದು, ತಲೆಯನ್ನು ಹಿಡಿಯಲಾರದು. ತಲೆ ಮುಖಗಳಿಗಾಗಿ ಇರುವುದು ಏರ್‌ಬ್ಯಾಗು. ಡಿಕ್ಕಿಯನ್ನು ಅರಿತೊಡನೆ, ಒಂದು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಕಾಲದಲ್ಲಿ ಅದು ಉಬ್ಬಿ, ಮುಖಕ್ಕೂ ಚಕ್ರಕ್ಕೂ ನಡುವೆ ದಿಂಬಿನಂತೆ ನಿಲ್ಲುವುದು. ಬೆಲ್ಟಿಲ್ಲದೆ ಅದು ಪೂರ್ಣವಾಗಿ ಕಾಯಲಾರದು. ಬೆಲ್ಟಿಗೆ ಅದು ಸಹಾಯಕವೇ ಹೊರತು ಬದಲಲ್ಲ. ಅಮೆರಿಕದಲ್ಲಿ 1998ರ ಮಾದರಿಯಿಂದ ಮೊದಲುಗೊಂಡು ಎಲ್ಲ ಹೊಸ ಕಾರುಗಳ ಮುಂದಿನ ಎರಡು ಆಸನಗಳಿಗೂ ಇದು ಕಡ್ಡಾಯವಾಯಿತು. ನಮ್ಮ ಹುಡುಗನು ಕಾರನ್ನು ಕೊಂಡುದು ಅದಾಗಿ ಹದಿನೈದು ವರ್ಷಗಳ ಮೇಲೆ.

ಇಷ್ಟು ವಿದ್ಯೆಯಿದ್ದೂ ಅದು ಸಾಮಾನ್ಯರ ಮನೆಗೆ ಬರಲು ಅಷ್ಟು ತಡವಾದುದೇಕೆ? ಅಪಘಾತಕ್ಕೆ ಚಾಲಕನೇ ಕಾರಣ, ಅವನಿಗೆ ಬುದ್ಧಿ ಕಲಿಸಿದರೆ ಸಾಕು ಎಂಬುದು ಬಹುಕಾಲ ಕಾರ್ಖಾನೆಗಳವರ ವಾದವಾಗಿದ್ದಿತು. ನಾವು ಆಡಿದ ಸುಭಾಷಿತವೂ ಅದೇ ಅಲ್ಲವೆ! ಅಮೆರಿಕದಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು 1965ರಲ್ಲಿ ಒಂದು ಪುಸ್ತಕವನ್ನು ಬರೆದು ಈ ವಾದವನ್ನು ಖಂಡಿಸಿದರು. ಕಾರುಗಳ ಕಟ್ಟಡದಲ್ಲಿಯೇ ಇರುವ ದೋಷಗಳನ್ನೂ, ಬೆಡಗಿಗೆ ಸುರಿಯುವ ಹಣವನ್ನು ರಕ್ಷಣೆಗೆ ಸುರಿಯದಿರುವುದನ್ನೂ ಎತ್ತಿ ತೋರಿಸಿದರು. ಅವರು ಹೆಸರಿಸಿದ ಒಂದು ಕಾರಿನ ವಿಷಯದಲ್ಲಿ ಮುಂದೆ ವಾದವಿವಾದಗಳಾದುವೆಂಬುದು ನಿಜ. ಆದರೆ ಜನರಲ್ ಮೋಟಾರ್ಸ್ ಕಂಪೆನಿಯು ಉತ್ತರ ಕೊಡುವುದರ ಬದಲು, ಅವರ ಖಾಸಗಿ ಬದುಕನ್ನು ಶೋಧಿಸಲು ಗೂಢಚಾರರನ್ನು ಬಿಟ್ಟಿತು. ವಿಷಯವು ಹೊರಬಿದ್ದು, 1966ರ ಮಾರ್ಚಿಯಲ್ಲಿ ಕಂಪೆನಿಯ ಅಧ್ಯಕ್ಷರೇ ಸೆನೆಟ್ ಸಭೆಯ ಸಮಿತಿಯ ಮುಂದೆ ಕ್ಷಮೆ ಬೇಡಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಹನಗಳ ಸುರಕ್ಷಣೆಯ ಶಾಸನವು ಅಲ್ಲಿ ಜಾರಿಗೆ ಬಂದಿತು. ಕಾರು ಹೇಗಿರಬೇಕೆಂಬುದನ್ನು ಕಾರ್ಖಾನೆಯವರ ಇಷ್ಟಕ್ಕೆ ಬಿಡದೆ ಸರಕಾರವೇ ವಿಧಿಸುವ ಪದ್ಧತಿಯು ಆ ದೇಶದಲ್ಲಿ ಮೊದಲಾದುದು ಹೀಗೆ.

ಈಗ ನಮ್ಮ ದೇಶದ ವಿಷಯಕ್ಕೆ ಬರೋಣ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು, ಭಾರತದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳ ಕೆಳಗಿನ ತರಗತಿಗಳನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದ ಫಲಿತಾಂಶವನ್ನು ಹೊರಡಿಸಿದರು. ಮಾರುತಿ ಆಲ್ಟೋ 800, ಟಾಟಾ ನ್ಯಾನೋ, ಹ್ಯುಂಡೈ ಐ10, ಫೋರ್ಡ್ ಫಿಗೋ, ಫೋಕ್ಸ್‌ವ್ಯಾಗನ್ ಪೋಲೋ ಎಂಬ ಈ ಐದಕ್ಕೂ, ದೊಡ್ಡವರ ರಕ್ಷಣೆಯ ವಿಷಯದಲ್ಲಿ, ಐದು ನಕ್ಷತ್ರಗಳಿಗೆ ಬಂದ ಅಂಕವು ಸೊನ್ನೆ. ನಾವು ಮೇಷ್ಟರಾಗಿದ್ದಾಗ ತರಗತಿಯ ಎಲ್ಲ ಹುಡುಗರಿಗೂ ಸೊನ್ನೆ ಬಂದರೆ, ಹುಡುಗರನ್ನಲ್ಲ, ಪಾಠ ಹೇಳಿದವರನ್ನು ವಿಚಾರಿಸುತ್ತಿದ್ದರು. ಮೊದಲ ಮೂರು ಕಾರುಗಳಲ್ಲಿ ಗೂಡೇ ದುರ್ಬಲವಾಗಿ ಕುಸಿದಿದ್ದಿತು. ಅವುಗಳಿಗೆ ಏರ್‌ಬ್ಯಾಗ್ ಇಟ್ಟಿದ್ದರೂ ಸಾಲುತ್ತಿರಲಿಲ್ಲ. ಕೊನೆಯ ಎರಡರಲ್ಲಿ ಗೂಡು ಗಟ್ಟಿಯಾಗಿತ್ತು. ಇಲ್ಲದಿದ್ದುದು ಚೀಲ ಮಾತ್ರ. ಅದಕ್ಕೂ ಪ್ರಮಾಣವುಂಟು: ಎರಡು ಏರ್‌ಬ್ಯಾಗುಗಳಿದ್ದ ಅದೇ ಪೋಲೋ ಕಾರನ್ನು ಪರೀಕ್ಷಿಸಿದಾಗ ನಾಲ್ಕು ನಕ್ಷತ್ರಗಳು ಬಂದುವು. ಸೊನ್ನೆಗೂ ನಾಲ್ಕಕ್ಕೂ ನಡುವೆ ಇದ್ದ ಅಂತರವೆಂದರೆ ಆ ಎರಡು ಚೀಲಗಳು. ಆ ಕಂಪೆನಿಯು ಚೀಲವಿಲ್ಲದ ಬಗೆಯನ್ನು ಮಾರಾಟದಿಂದ ಹಿಂತೆಗೆದುಕೊಂಡಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಆ ಬಳಿಕ ಬದಲಾವಣೆಗಳು ಬಂದುವು. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಡಿಕ್ಕಿಯ ಪರೀಕ್ಷೆಯು ಕಡ್ಡಾಯವಾಯಿತು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರಗಳನ್ನು ಪಡೆಯಿತು. ಭಾರತದ ಕಾರ್ಖಾನೆಯೊಂದರ ಕಾರಿಗೆ ಅದೇ ಮೊದಲು. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗು ಕಡ್ಡಾಯವಾಯಿತು. 2021ರ ಕೊನೆಯ ಹೊತ್ತಿಗೆ ಅವನ ಪಕ್ಕದವರದೂ ಕಡ್ಡಾಯವಾಯಿತು. ಆರು ಏರ್‌ಬ್ಯಾಗುಗಳನ್ನು ಕಡ್ಡಾಯಮಾಡಬೇಕೆಂಬ 2022ರ ಸೂಚನೆಯು ಮುಂದಕ್ಕೆ ಹೋಗಿ, 2023ರಲ್ಲಿ ಕೈಬಿಡಲ್ಪಟ್ಟಿತು. ಆದರೂ ಹಲವು ಕಂಪೆನಿಗಳು ತಾವಾಗಿಯೇ ಎಲ್ಲ ತರಗತಿಗಳಲ್ಲಿಯೂ ಆರನ್ನಿಡಲು ತೊಡಗಿದುವು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಆದ ನಕ್ಷತ್ರ ಪರೀಕ್ಷೆಯು ಬಂದಿದೆ. ಆದರೆ ಅದು ಕಂಪೆನಿಗಳ ಇಚ್ಛೆಗೆ ಬಿಟ್ಟ ಪರೀಕ್ಷೆ. ಪರೀಕ್ಷೆಗೆ ಕುಳಿತವನ ಅಂಕಪಟ್ಟಿ ಕಾಣುವುದು, ಕುಳಿತುಕೊಳ್ಳದವನದು ಕಾಣುವುದಿಲ್ಲ.

ಕಾರ್ಖಾನೆಯವರ ಪರವಾಗಿ ಒಂದು ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ರಕ್ಷಣೆಯ ಸಾಧನಗಳು ಹೆಚ್ಚಿದಂತೆ ಬೆಲೆಯೂ ಏರುವುದು. ಬೆಲೆಯೇರಿದರೆ ಬಡ ಗೃಹಸ್ಥನು ಹೆಂಡತಿ ಮಕ್ಕಳೊಂದಿಗೆ ಸ್ಕೂಟರಿನ ಮೇಲೆಯೇ ಉಳಿಯುವನು. ಅದು ಇನ್ನೂ ಅಪಾಯಕರವಲ್ಲವೆ ಎಂದು ಅವರು ಕೇಳುವರು. ಮಳೆಯಲ್ಲಿ ನಾಲ್ವರು ಒಂದು ಸ್ಕೂಟರಿನ ಮೇಲೆ ಹೋಗುವುದನ್ನು ಕಂಡವರಿಗೆ ಈ ಮಾತಿನ ತೂಕವು ತಿಳಿಯುವುದು. ಆದರೆ ಇದಕ್ಕೆ ಎರಡು ಸಮಾಧಾನಗಳುಂಟು. ಮೇಲಿನ ತರಗತಿಯಲ್ಲಿ ಮಾತ್ರ ಇಡುವ ವಸ್ತುವಿಗೂ ಲಕ್ಷಾಂತರ ಕಾರುಗಳಲ್ಲಿ ಒಂದೇ ಸಮನಾಗಿ ಇಡುವ ವಸ್ತುವಿಗೂ ತಗಲುವ ಖರ್ಚು ಒಂದೇ ಅಲ್ಲ. ಎಲ್ಲರಿಗೂ ವಿಧಿಸಿದಾಗ ಯಾವ ಕಂಪೆನಿಗೂ ಪೈಪೋಟಿಯಲ್ಲಿ ನಷ್ಟವಿಲ್ಲ. ಎರಡನೆಯದಾಗಿ, ಉಳಿತಾಯಕ್ಕೆ ಎಡೆಯೆಲ್ಲಿ ಎಂಬುದನ್ನು ನೋಡಬೇಕು. ಬಡವನು ಹಾಡಿನ ಪೆಟ್ಟಿಗೆಯನ್ನು ಬಿಡಲಿ, ಹೊಳೆಯುವ ಚಕ್ರವನ್ನು ಬಿಡಲಿ; ಅದು ಅವನ ಆಯ್ಕೆ. ಕಣ್ಣನ್ನು ಬಿಡು ಎಂದು ಅವನಿಗೆ ಹೇಳಬಾರದು. ಔಷಧದ ಅಂಗಡಿಯಲ್ಲಿ ಅಗ್ಗದ ಔಷಧವುಂಟು. ಆದರೆ ವಿಷ ಸೇರಿದ ಅಗ್ಗದ ಔಷಧವನ್ನು ರೋಗಿಯ ಇಷ್ಟಕ್ಕೆ ಬಿಡುವರೆ?

ಮಾರಿದ ಮೇಲೆಯೂ ರಥಕಾರನ ಹೊಣೆ ತೀರುವುದಿಲ್ಲ. 2014ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು 26 ಲಕ್ಷ ಕಾರುಗಳನ್ನು ಒಂದು ದೋಷಕ್ಕಾಗಿ ಹಿಂದಕ್ಕೆ ಕರೆಯಿತು. ಕೀಲಿಕೈ ತಿರುಗಿಸುವ ಸ್ವಿಚ್ಚು ಸಡಿಲವಾಗಿದ್ದು, ಕೀಗೊಂಚಲಿನ ಭಾರಕ್ಕೋ ಮೊಣಕಾಲು ತಗುಲಿದುದಕ್ಕೋ ತಾನಾಗಿ ಜಾರಿ, ಓಡುವಾಗಲೇ ಎಂಜಿನು ನಿಂತು, ಏರ್‌ಬ್ಯಾಗೂ ಉಬ್ಬದೆ ಹೋಗುತ್ತಿದ್ದಿತು. ಈ ದೋಷವು ಕಂಪೆನಿಯೊಳಗಿನ ಕೆಲವರಿಗೆ ಹತ್ತು ವರ್ಷಗಳ ಹಿಂದೆಯೇ ತಿಳಿದಿದ್ದಿತು. ಪರಿಹಾರದ ನಿಧಿಯವರು ಕೊನೆಗೆ ಒಪ್ಪಿಕೊಂಡ ಸಾವುಗಳು 124. ತಪ್ಪುವುದು ಮನುಷ್ಯಸಹಜ, ಯಂತ್ರಶಿಲ್ಪಿಯೂ ಮನುಷ್ಯನೇ. ಆದರೆ ತಿಳಿದಮೇಲೂ ಹೇಳದಿರುವುದು ಬೇರೆಯದೇ ಆದ ಪಾಪ. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಶಾಸನವು, ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಯಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಏಪ್ರಿಲಿನಿಂದ ಜಾರಿಯಲ್ಲಿವೆ. ಕಂಪೆನಿಯಿಂದ ಇಂತಹ ಕಾಗದವೇನಾದರೂ ಬಂದರೆ ಮನೆಯವರು ಅದನ್ನು ಜಾಹೀರಾತೆಂದು ಹರಿದೊಗೆಯಬಾರದೆಂದು ನಮ್ಮ ಪ್ರಾರ್ಥನೆ.

ಹೊಣೆಯೆಲ್ಲವನ್ನೂ ರಥಕಾರನ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅವನು ಕೊಟ್ಟುದನ್ನೂ ನಾವು ಉಪಯೋಗಿಸುತ್ತಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟನ್ನು ಕಟ್ಟದೆ ಇದ್ದವರೆಂದು ಸರಕಾರದ ವರದಿಯೇ ಹೇಳುತ್ತದೆ. ಇವರಲ್ಲಿ ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು. ಅದೇ ವರ್ಷದ ಸೆಪ್ಟೆಂಬರ್ 4ರಂದು, ಟಾಟಾ ಸನ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಬಳಿಯ ಸೇತುವೆಯೊಂದರ ಮೇಲೆ ನಡೆದ ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಆಸನದಲ್ಲಿದ್ದ ಅವರೂ ಅವರ ಜೊತೆಗಾರರೂ ಬೆಲ್ಟು ಕಟ್ಟಿರಲಿಲ್ಲ. ಮುಂದೆ ಕುಳಿತಿದ್ದ ಇಬ್ಬರು ಬದುಕಿಕೊಂಡರು. ಹಿಂದೆ ಕುಳಿತವರಿಗೆ ಭಯವಿಲ್ಲವೆಂಬ ನಮ್ಮ ಮನೆಮನೆಯ ನಂಬಿಕೆಯು ಎಷ್ಟು ಸುಳ್ಳೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಲ್ಟು ಕಟ್ಟದಿದ್ದರೆ ಕಾರು ಕೂಗಿಕೊಳ್ಳುವುದು. ಆ ಕೂಗನ್ನು ಅಡಗಿಸಲು ಬರಿಯ ಕೊಂಡಿಯೊಂದನ್ನು ಕೊಂಡು ಸಿಕ್ಕಿಸುವ ಜಾಣರಿದ್ದಾರೆ. 2023ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ಇವುಗಳ ಮಾರಾಟವನ್ನು ನಿಲ್ಲಿಸುವಂತೆ ಐದು ಅಂತರಜಾಲದ ಅಂಗಡಿಗಳಿಗೆ ಆಜ್ಞೆ ಮಾಡಿದರು. ಬಾಗಿಲು ಕಾಯುವ ನಾಯಿ ಬೊಗಳಿತೆಂದು ಅದರ ಬಾಯಿಯನ್ನು ಕಟ್ಟಿ ಮಲಗುವ ಗೃಹಸ್ಥನನ್ನು ಏನೆನ್ನಬೇಕು? ಕಾರಿನ ಮುಂದೆ ಶೋಭೆಗೆಂದು ಹಾಕಿಸುವ ದಪ್ಪ ಕಂಬಿಯೂ ಇದೇ ಜಾತಿಯದು. ಮುದುಡಬೇಕಾದ ಭಾಗವನ್ನು ಅದು ಮುದುಡಗೊಡದು. ಎಳೆಯ ಕೂಸನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕುಳ್ಳಿರಿಸಿಕೊಳ್ಳುವುದಂತೂ ಸರ್ವಥಾ ಕೂಡದು. ದೊಡ್ಡವರನ್ನು ಕಾಯುವ ಏರ್‌ಬ್ಯಾಗು ಉಬ್ಬುವ ರಭಸಕ್ಕೆ ಮಗುವಿನ ಕೊರಳು ತಡೆಯಲಾರದು. ಮಕ್ಕಳಿಗೆ ಹಿಂದಿನ ಆಸನ, ಅವರ ವಯಸ್ಸಿಗೆ ತಕ್ಕ ಮಕ್ಕಳ ಪೀಠ. ತಾಯಿಯ ತೋಳು ಎಷ್ಟು ಪ್ರೀತಿಯದಾದರೂ ಮೂರಂತಸ್ತಿನಿಂದ ಬೀಳುವ ಭಾರವನ್ನು ಹಿಡಿಯಲಾರದು.

ಗೃಹಿಣಿಯರು ತಿಳಿಯತಕ್ಕ ಇನ್ನೊಂದು ವಿಷಯವುಂಟು. ಕಾರುಗಳ ಪರೀಕ್ಷೆಯಲ್ಲಿ ಮನುಷ್ಯನ ಬದಲು ಕುಳ್ಳಿರಿಸುವ ಗೊಂಬೆಯು ಬಹುಕಾಲ ಸಾಧಾರಣ ಎತ್ತರದ ಗಂಡಸಿನ ಅಳತೆಯದಾಗಿಯೇ ಇದ್ದಿತು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಸಮಾನವಾದ ಡಿಕ್ಕಿಯಲ್ಲಿ, ಬೆಲ್ಟು ಕಟ್ಟಿದ ಹೆಂಗಸಿಗೆ ತೀವ್ರವಾದ ಪೆಟ್ಟಾಗುವ ಸಂಭವವು ಬೆಲ್ಟು ಕಟ್ಟಿದ ಗಂಡಸಿಗಿಂತ ಶೇಕಡ 47ರಷ್ಟು ಹೆಚ್ಚು. 2022ರಲ್ಲಿ ಸ್ವೀಡನ್ನಿನ ಶಾಸ್ತ್ರಜ್ಞೆ ಆಸ್ಟ್ರಿಡ್ ಲಿಂಡರ್ ಅವರ ತಂಡದವರು ಹೆಂಗಸಿನ ಮೈಕಟ್ಟಿಗೆ ತಕ್ಕ ಗೊಂಬೆಯೊಂದನ್ನು ರಚಿಸಿದರು. ರಥಕಾರನು ಯಾರ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಥವನ್ನು ಕಟ್ಟುವನೋ ಅವರನ್ನೇ ಅದು ಚೆನ್ನಾಗಿ ಕಾಯುವುದು. ಆದುದರಿಂದ ನಮ್ಮ ಅಳತೆಯನ್ನೂ ತೆಗೆದುಕೊಳ್ಳಿರೆಂದು ಕೇಳುವ ಹಕ್ಕು ಕೊಳ್ಳುವವರೆಲ್ಲರಿಗೂ ಇದೆ.

ನಮ್ಮ ತಂಗಿಯ ಮಗನು ಒಂದೇ ಕಣ್ಣಿನಿಂದ ತನ್ನ ಉದ್ಯೋಗವನ್ನು ಮಾಡಿಕೊಂಡಿದ್ದಾನೆ. ಮದುವೆಯಾಗಿ ಒಂದು ಹೆಣ್ಣು ಮಗುವಿದೆ. ಕೆಲವು ತಿಂಗಳ ಹಿಂದೆ ಅವನ ಹೆಂಡತಿಯು ಕಾರನ್ನು ಕೊಳ್ಳಬೇಕೆಂದು ಶೋರೂಮಿಗೆ ಹೊರಟಾಗ ನಮ್ಮನ್ನೂ ಕರೆದುಕೊಂಡು ಹೋದರು. ಅಲ್ಲಿಯ ತರುಣನು ಬಣ್ಣಗಳನ್ನೂ ಮೈಲೇಜನ್ನೂ ವರ್ಣಿಸತೊಡಗಿದನು. ಆಕೆ ಅವನನ್ನು ತಡೆದು, “ಅದು ಹಾಗಿರಲಿ, ಡಿಕ್ಕಿಯ ಪರೀಕ್ಷೆಯಲ್ಲಿ ಈ ಕಾರಿಗೆ ಎಷ್ಟು ನಕ್ಷತ್ರ? ಎಲ್ಲಕ್ಕಿಂತ ಕೆಳಗಿನ ತರಗತಿಯಲ್ಲಿ ಏನೇನಿದೆ, ಅದನ್ನು ಮೊದಲು ಹೇಳಿ” ಎಂದಳು. ತರುಣನು ಒಳಗೆ ಹೋಗಿ ಒಂದು ಕಾಗದವನ್ನು ತಂದು ಓದತೊಡಗಿದನು. ಆಗ ನಮ್ಮ ಹುಡುಗನು ನಮ್ಮ ಕಡೆಗೆ ತಿರುಗಿ, “ಮಾವ, ನೀವೇನು ಹೇಳುತ್ತೀರಿ?” ಎಂದು ಹಳೆಯ ಪದ್ಧತಿಯಂತೆಯೇ ಕೇಳಿದನು. ನಾವು, “ಅವಳು ಕೇಳುತ್ತಿರುವುದನ್ನು ಪೂರ್ತಿಯಾಗಿ ಕೇಳಲಿ” ಎಂದು ಹೇಳಿ ಸುಮ್ಮನಾದೆವು.

ವಾಚಕರ ಮನೆಗಳಿಗೂ ಹೊಸ ಗಾಡಿಗಳು ಬರುವುವು. ರಂಗವಲ್ಲಿಯಿರಲಿ, ನಿಂಬೆಯ ಹಣ್ಣಿರಲಿ, ಆರತಿಯಿರಲಿ. ಆದರೆ ಅದಕ್ಕೆ ಮೊದಲು, ಹಣವನ್ನು ಕೊಡುವ ಮುನ್ನವೇ, ಈ ಸೊಸೆಯು ಕೇಳಿದ ಪ್ರಶ್ನೆಯನ್ನು ತಪ್ಪದೆ ಕೇಳಿರಿ. ಹತ್ತು ಮನೆಗಳವರು ಕೇಳಿದರೆ ಮಾರುವ ತರುಣನು ಉತ್ತರವನ್ನು ಕಲಿತುಕೊಳ್ಳುವನು. ಹತ್ತು ಲಕ್ಷ ಮನೆಗಳವರು ಕೇಳಿದರೆ ರಥಕಾರನೇ ಕಲಿತುಕೊಳ್ಳುವನು. ಎಲ್ಲರೂ ಕ್ಷೇಮವಾಗಿ ಹೋಗಿ ಕ್ಷೇಮವಾಗಿ ಮರಳಲೆಂದು ನಾವು ಹಾರೈಸುತ್ತೇವೆ.